ಬರಿಗಾಲಿನ ಆಟಗಾರನೂ ಒದ್ದೆ ನೆಲವೂ

1952ನೆಯ ಇಸವಿ ಜುಲೈ 15ರಂದು ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ ಭಾರತಕ್ಕೂ ಯುಗೊಸ್ಲಾವಿಯಕ್ಕೂ ಒಲಿಂಪಿಕ್ ಕೂಟದ ಕಾಲ್ಚೆಂಡು ಪಂದ್ಯ ನಡೆಯಿತು. ಯುಗೊಸ್ಲಾವಿಯದವರು ಹತ್ತು ಗೋಲುಗಳನ್ನು ಹೊಡೆದರು. ಭಾರತಕ್ಕೆ ದೊರೆತದ್ದು ಒಂದೇ ಒಂದು ಗೋಲು. ಆಟ ಮುಗಿಯಲು ಒಂದೆರಡು ನಿಮಿಷಗಳು ಉಳಿದಿರುವಾಗ ಆ ಒಂದನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಚೆಂಡನ್ನು ಪಾದಕ್ಕೆ ಅಂಟಿಸಿಕೊಂಡಂತೆ ಹೊರಳಿಸುತ್ತ, ಎದುರಾಳಿಗಳ ನಡುವೆ ನುಸುಳಿಕೊಂಡು ಹೋಗುವ ಕಲೆಯಲ್ಲಿ ಅವರಿಗೆ ಸರಿಯಾದವರು ಅಂದು ನಮ್ಮ ದೇಶದಲ್ಲಿ ವಿರಳ. ನೋಡುವವರು ಅವರನ್ನು ಹಾವಾಡಿಗನೆಂದು ಕರೆಯುತ್ತಿದ್ದರು. ಅಂತಹವರಿದ್ದ ತಂಡ ಹತ್ತು ಗೋಲುಗಳಿಂದ ಸೋತುದೇಕೆ?

ಕೇಳಿದವರೆಲ್ಲ ಒಂದೇ ಉತ್ತರವನ್ನು ಕೊಟ್ಟರು: ನಮ್ಮವರ ಕಾಲಲ್ಲಿ ಬೂಟುಗಳಿರಲಿಲ್ಲ. ಉತ್ತರ ಸುಲಭವಾದುದು, ಆದರೆ ಸುಲಭವಾದ ಉತ್ತರಗಳನ್ನು ಒಮ್ಮೆ ತಟ್ಟಿ ನೋಡುವುದು ವಿಜ್ಞಾನದ ಅಭ್ಯಾಸ. ನಾಲ್ಕು ವರ್ಷಗಳ ಹಿಂದೆ, ಅದೇ ಬರಿಗಾಲಿನಲ್ಲಿ, ಲಂಡನ್ನಿನಲ್ಲಿ ಇದೇ ಭಾರತ ಫ್ರಾನ್ಸನ್ನು ಕಂಗೆಡಿಸಿತ್ತಲ್ಲ! ಒಂದೇ ಪಾದ ಒಂದೆಡೆ ಗುಣವಾಗಿ, ಇನ್ನೊಂದೆಡೆ ದೋಷವಾಗಿ ಕಾಣುವುದಾದರೆ, ಪಾದವನ್ನಷ್ಟೇ ಅಲ್ಲ, ಅದರ ಕೆಳಗಿನ ನೆಲವನ್ನೂ ಪರೀಕ್ಷಿಸಬೇಕು.

ಅಹಮದ್ ಖಾನರು ಹುಟ್ಟಿದ್ದು 1926ನೆಯ ಇಸವಿ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಅಲ್ಲಿನ ದಂಡುಪ್ರದೇಶದಲ್ಲಿ ಬ್ರಿಟಿಷ್ ಪಡೆಗಳು ಚೆಂಡಾಟವನ್ನು ಬೆಳೆಸಿದ್ದವು. ಊರಿನ ಹುಡುಗರು ಅದನ್ನು ನೋಡಿ ಕಲಿತು, ಕಲಿಸಿದವರನ್ನೇ ಸೋಲಿಸುವ ಮಟ್ಟಕ್ಕೆ ಏರಿದ್ದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಮರುವರ್ಷ ಗೋರಾ ಸೈನಿಕರ ತಂಡವೊಂದನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ಮತ್ತೆ ಗೆದ್ದಿತು. ಮೊದಲ ಗೆಲುವಿನ ಹೊತ್ತಿಗೆ ನಮ್ಮ ಕಥಾನಾಯಕನಿಗೆ ಹತ್ತು ವರ್ಷ. ಮುಂದೆ ಆತ ಆಡಿದ್ದು ಆ ತಂಡದಲ್ಲಿಯೇ. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತನ್ನದಾಗಿಸಿಕೊಂಡಿತೆಂದರೆ, ಆ ಸೀಮೆಯ ಆಟ ಎಷ್ಟು ಹದಕ್ಕೆ ಬಂದಿತ್ತೆಂಬುದನ್ನು ಊಹಿಸಬಹುದು. (ಆಗ ನಮ್ಮ ಉಡುಪಿ, ಕಾರ್ಕಳಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಮೈಸೂರಿನ ಗೆಲುವು ಇಲ್ಲಿಯವರಿಗೆ ನೆರೆಮನೆಯ ಹಬ್ಬದಂತೆ ಮಾತ್ರ.)

1948ರ ಒಲಿಂಪಿಕ್ ಕೂಟಕ್ಕೆ ಹೊರಟದ್ದು ಸ್ವತಂತ್ರ ಭಾರತದ ಮೊದಲ ತಂಡ. ನಾಗಾ ಬೆಟ್ಟಗಳ ತಾಲಿಮೆರೆನ್ ಆವೋ ಅದರ ನಾಯಕರು. ಬೆಂಗಳೂರಿನ ಸಾರಂಗಪಾಣಿ ರಾಮನ್, ಅಹಮದ್ ಖಾನ್ ಮೊದಲಾದವರು ಅದರಲ್ಲಿದ್ದರು. ಪಟ್ಟಿಯಲ್ಲಿ ಸಂಜೀವ ಉಚ್ಚಿಲ್ ಎಂಬ ಗೋಲ್‌ರಕ್ಷಕರ ಹೆಸರೂ ಇದೆ. ಆ ಹೆಸರನ್ನು ಓದಿದೊಡನೆ ಕರಾವಳಿಯವರಿಗೆ ಕಾಪುವಿನ ದಕ್ಷಿಣದ ಉಚ್ಚಿಲವೋ, ಮಂಗಳೂರಿನಾಚೆಯ ಉಚ್ಚಿಲವೋ ಕಣ್ಣಿಗೆ ಕಟ್ಟದೆ ಇರದು. ಜುಲೈ 31ರಂದು, ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ, ಫ್ರಾನ್ಸಿನ ಎದುರು ಭಾರತದ 11 ಮಂದಿ ಅಂಗಣಕ್ಕಿಳಿದರು. ಅವರಲ್ಲಿ ಎಂಟು ಮಂದಿಯ ಕಾಲಲ್ಲಿ ಬೂಟುಗಳಿರಲಿಲ್ಲ. ಬಟ್ಟೆಯ ಪಟ್ಟಿಯನ್ನು ಕಣಕಾಲಿಗೂ ಪಾದಕ್ಕೂ ಸುತ್ತಿಕೊಂಡಿದ್ದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ರಾಮನ್ ಅದನ್ನು ಸರಿಗಟ್ಟಿದರು. ಸ್ವತಂತ್ರ ಭಾರತದ ಮೊದಲ ಗೋಲು ಅದು. ಸಿಕ್ಕಿದ ಎರಡು ಪೆನಾಲ್ಟಿ ಒದೆತಗಳನ್ನು ನಮ್ಮವರು ಕಳೆದುಕೊಂಡರು. ಆಟ ಮುಗಿಯುತ್ತ ಬಂದಾಗ ಫ್ರಾನ್ಸ್ ಇನ್ನೊಂದು ಗೋಲನ್ನು ಹೊಡೆದು 2–1ರಿಂದ ಗೆದ್ದಿತು. ಸೋತರೂ ನಮ್ಮವರಿಗೆ ಬಂದ ಚಪ್ಪಾಳೆ ಕಡಿಮೆಯದಲ್ಲ. ಅಲ್ಲಿನವರು ಬೆರಗಾದುದು ಈ ಪಾದಗಳನ್ನು ಕಂಡು.

ಪಾದವೆಂಬುದು ಬೆರಗುಪಡಬೇಕಾದ ವಸ್ತುವೇ ಸರಿ. ಒಂದೊಂದು ಪಾದದಲ್ಲಿ 26 ಎಲುಬುಗಳಿವೆ; 33 ಕೀಲುಗಳಿವೆ; ಇವನ್ನು ಬಿಗಿದು ಹಿಡಿಯುವ ಸ್ನಾಯು, ತಂತುಗಳ ಸಂಖ್ಯೆ ನೂರಕ್ಕೂ ಮಿಕ್ಕಿದೆ. ಅಂಗಾಲಿನ ಚರ್ಮದಲ್ಲಿ ಸ್ಪರ್ಶವನ್ನು ಅರಿಯುವ ನಾಲ್ಕು ಬಗೆಯ ಗ್ರಾಹಕಗಳಿವೆ. ಒಂದು ಬಗೆ ಒತ್ತಡವನ್ನು ಗುರುತಿಸಿದರೆ, ಇನ್ನೊಂದು ಚರ್ಮ ಜಗ್ಗಿದುದನ್ನು, ಮತ್ತೆರಡು ಜಾರಿಕೆ ನಡುಕಗಳನ್ನು ಗುರುತಿಸುತ್ತವೆ. ಬರಿಗಾಲಿನಲ್ಲಿ ನಡೆಯುವವರ ಅಂಗಾಲು ಜಡ್ಡುಗಟ್ಟುತ್ತದೆ. ಆದ್ದರಿಂದ ಅವರಿಗೆ ಸ್ಪರ್ಶ ಮಂದವಾಗಿರಬೇಕೆಂದು ಬಹುಕಾಲ ಎಲ್ಲರೂ ನಂಬಿದ್ದರು. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡೇನಿಯಲ್ ಲೀಬರ್ಮನ್ನರೂ ಅವರ ಸಂಗಡಿಗರೂ ಕೀನ್ಯ ದೇಶದ ಬರಿಗಾಲಿನ ಜನರನ್ನು ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿದೆ. ಜಡ್ಡು ದಪ್ಪವಾದರೂ ಸ್ಪರ್ಶಜ್ಞಾನ ಕುಂದುವುದಿಲ್ಲ. ಗಡುಸಾದ ಜಡ್ಡು ನೆಲದ ಒತ್ತಡವನ್ನು ಒಳಗಿನ ಗ್ರಾಹಕಗಳಿಗೆ ಹಾಗೆಯೇ ದಾಟಿಸುತ್ತದೆ. ಅಂದರೆ ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಹದಗೊಂಡ ಅಂಗಾಲಿಗೆ ಗಟ್ಟಿತನವೂ ಇತ್ತು, ಅರಿವೂ ಇತ್ತು.

ಈ ಅರಿವು ಆಟದಲ್ಲಿ ಎಲ್ಲಿ ನೆರವಾಗುತ್ತದೆ? ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡೋಣ. ಪ್ರೌಢಶಾಲೆಯ ವಿದ್ಯಾರ್ಥಿಗೂ ಇದು ಕಷ್ಟವಲ್ಲ. ಚೆಂಡಿನ ತೂಕ ನಿಯಮದಂತೆ 410ರಿಂದ 450 ಗ್ರಾಂ. ಬಲವಾಗಿ ಒದೆದರೆ ಅದು ಸೆಕೆಂಡಿಗೆ 25 ಮೀಟರು ವೇಗದಲ್ಲಿ ಹಾರುತ್ತದೆ. ಪಾದವೂ ಚೆಂಡೂ ಒಂದನ್ನೊಂದು ಮುಟ್ಟಿಕೊಂಡಿರುವ ಕಾಲ ಸೆಕೆಂಡಿನ ನೂರನೆಯ ಒಂದು ಪಾಲು ಮಾತ್ರ. ಚೆಂಡಿನ ತೂಕ 430 ಗ್ರಾಮೆಂದು ಹಿಡಿದು, ಅದು ಪಡೆದ ಸಂವೇಗವನ್ನು ಈ ಕಾಲದಿಂದ ಭಾಗಿಸಿದರೆ, ಪಾದದ ಮೇಲೆ ಬಿದ್ದ ಸರಾಸರಿ ಬಲ ಸುಮಾರು 1075 ನ್ಯೂಟನ್. ಹೆಚ್ಚು ಕಡಿಮೆ 110 ಕಿಲೋಗ್ರಾಂ ಭಾರ. ನಮ್ಮ ಕಡೆಯ ಮಾತಿನಲ್ಲಿ ಎರಡೂವರೆ ಮುಡಿ ಅಕ್ಕಿಗಿಂತ ಹೆಚ್ಚು! ಕ್ಷಣಾರ್ಧದ ಮಟ್ಟಿಗೆ ಪಾದದ ಎಲುಬುಗಳು ಅದನ್ನು ಹೊರಬೇಕು.

ಇನ್ನು ನರದ ಮಾತು. ಸ್ಪರ್ಶದ ಸಂದೇಶ ನರದಲ್ಲಿ ಸೆಕೆಂಡಿಗೆ ಸುಮಾರು 50 ಮೀಟರು ವೇಗದಲ್ಲಿ ಓಡುತ್ತದೆ. ಪಾದದಿಂದ ಮೆದುಳಿಗೆ ಒಂದೂವರೆ ಮೀಟರು ದೂರವೆಂದರೂ, ಅಲ್ಲಿಗೆ ಸುದ್ದಿ ಮುಟ್ಟಲು ಸೆಕೆಂಡಿನ ನೂರರಲ್ಲಿ ಮೂರು ಪಾಲು ಬೇಕು. ಆ ಹೊತ್ತಿಗೆ ಚೆಂಡು ಪಾದವನ್ನು ಬಿಟ್ಟು ಹೋಗಿ ಆಗಿದೆ. ಆದ್ದರಿಂದ ಬಲವಾದ ಒದೆತದಲ್ಲಿ ಅಂಗಾಲಿನ ಅರಿವಿಗೆ ಕೆಲಸವೇ ಇಲ್ಲ. ಎಲ್ಲವೂ ಮೊದಲೇ ನಿಶ್ಚಯವಾಗಿರುತ್ತದೆ. ಆದರೆ ಚೆಂಡನ್ನು ಹೊರಳಿಸಿಕೊಂಡು ಹೋಗುವಾಗ ಪಾದ ಅದನ್ನು ಮತ್ತೆ ಮತ್ತೆ ಮೆಲ್ಲನೆ ತಾಗುತ್ತದೆ. ಒಂದು ತಾಗುವಿಕೆಯಲ್ಲಿ ಆದ ತಪ್ಪನ್ನು ಮುಂದಿನದರಲ್ಲಿ ತಿದ್ದಿಕೊಳ್ಳಲು ಅಲ್ಲಿ ಸಮಯವಿದೆ. ಅಹಮದ್ ಖಾನರ ಹಾವಾಡಿಗತನ ಇದ್ದುದು ಇಲ್ಲಿ. ದಪ್ಪ ತೊಗಲಿನ ಬೂಟು ಈ ಪಿಸುಮಾತನ್ನು ಪಾದಕ್ಕೆ ಕೇಳಿಸಗೊಡದು.

ಬೂಟಿಲ್ಲದೆ ಬಲವಾಗಿ ಒದೆಯಲಾಗದು ಎಂಬ ನಂಬಿಕೆಯೂ ಅಷ್ಟು ಗಟ್ಟಿಯದಲ್ಲ. ಜರ್ಮನಿಯಲ್ಲಿ ಇದನ್ನು ಅಳೆದು ನೋಡಿದ್ದಾರೆ. ಪಾದದ ಮೇಲ್ಗಡೆಯಿಂದ ಒದೆದ ಚೆಂಡಿನ ವೇಗ ಬರಿಗಾಲಿನಲ್ಲಿ ಬೂಟಿಗಿಂತ ತುಸು ಹೆಚ್ಚೇ ಇತ್ತು. ಬೂಟಿಲ್ಲದ ಪಾದವನ್ನು ಕಣಕಾಲಿನಿಂದ ಪೂರ್ತಿಯಾಗಿ ಕೆಳಕ್ಕೆ ಚಾಚಬಹುದು. ಹಾಗೆ ಚಾಚಿದಾಗ ಪಾದವೂ ಮೊಣಕಾಲ ಕೆಳಗಿನ ಎಲುಬೂ ಒಂದೇ ದೊಣ್ಣೆಯಂತೆ ಸೆಟೆದು ನಿಲ್ಲುತ್ತವೆ. ಅಲ್ಲದೆ ಅಂದಿನ ಬೂಟುಗಳ ಭಾರವನ್ನೂ ನೆನೆಯಬೇಕು. ಕಣಕಾಲನ್ನು ಮುಚ್ಚುವ, ಉಕ್ಕಿನಂತೆ ಗಡುಸಾದ ಮೂತಿಯ ಒಂದೊಂದು ಬೂಟು ಅರ್ಧ ಕಿಲೋಗ್ರಾಮಿನಷ್ಟು ತೂಗುತ್ತಿತ್ತು. ನೆನೆದರೆ ಇನ್ನೂ ಹೆಚ್ಚು. ಒಂದೊಂದು ಪಾದಕ್ಕೆ 100 ಗ್ರಾಂ ಭಾರವನ್ನು ಹೆಚ್ಚಿಸಿದರೆ ಓಟಗಾರ ಬಳಸುವ ಆಮ್ಲಜನಕ ನೂರಕ್ಕೆ ಒಂದರಷ್ಟು ಹೆಚ್ಚುತ್ತದೆಂದು ಶರೀರಶಾಸ್ತ್ರಜ್ಞರು ಕಂಡಿದ್ದಾರೆ.

ಹಾಗಾದರೆ ಸ್ಪರ್ಶದಲ್ಲಿ, ಒದೆತದಲ್ಲಿ, ಹಗುರದಲ್ಲಿ ಬರಿಗಾಲಿಗೇ ಮೇಲುಗೈ. ಹೆಲ್ಸಿಂಕಿಯಲ್ಲಿ ಆದುದೇನು? ಅದನ್ನು ತಿಳಿಯಲು ಫಿನ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದರೆ ಸಾಕು.

ಕಾಪುವಿನ ದೀಪಸ್ತಂಭದ ಬುಡದಲ್ಲಿ ಸಂಜೆ ಹೊತ್ತು ಹುಡುಗರು ಚೆಂಡಾಡುವುದನ್ನು ಯಾರು ತಾನೆ ಕಂಡಿಲ್ಲ? ಅವರು ಒಣ ಮರಳಿನಲ್ಲಿ ಆಡುವುದಿಲ್ಲ, ನೀರಿನೊಳಗೂ ಆಡುವುದಿಲ್ಲ. ಅಲೆ ಬಂದು ಹಿಂದಕ್ಕೆ ಸರಿದ ನಸುಗಪ್ಪು ಪಟ್ಟಿಯನ್ನು ಆರಿಸಿಕೊಳ್ಳುತ್ತಾರೆ. ಆ ಮರಳಿನ ಮೇಲೆ ಕಾಲಿಟ್ಟೊಡನೆ ಪಾದದ ಸುತ್ತ ಅದು ಬೆಳ್ಳಗಾಗಿ ಒಣಗಿದಂತೆ ಕಾಣುವುದನ್ನು ಓದುಗರು ಗಮನಿಸಿರಬಹುದು. ಒತ್ತಿದರೆ ನೀರು ಮೇಲಕ್ಕೆ ಬರಬೇಕಲ್ಲ, ಒಣಗುವುದೇಕೆ? 1885ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಇದನ್ನು ಬಿಡಿಸಿ ಹೇಳಿದ. ಅಲೆಯ ಹೊಡೆತದಿಂದ ಮರಳಿನ ಕಣಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಕಾಲು ಒತ್ತಿದಾಗ ಅವು ಒಂದರ ಮೇಲೊಂದು ಹೊರಳಲೇಬೇಕು. ಹೊರಳುವಾಗ ನಡುವಿನ ಸಂದುಗಳು ಹಿಗ್ಗುತ್ತವೆ. ಮೇಲಿನ ನೀರು ಆ ಸಂದುಗಳಿಗೆ ಇಳಿಯುತ್ತದೆ. ಹೀಗೆ ಸಂದುಗಳೊಳಗೆ ಎಳೆದುಕೊಂಡ ನೀರು ಕಣಗಳನ್ನು ಬಿಗಿದು ಹಿಡಿಯುತ್ತದೆ. ನೆಲ ಕ್ಷಣಮಾತ್ರ ಗಟ್ಟಿಯಾಗುತ್ತದೆ. ಆದರೂ ಕಾಲ್ಬೆರಳು ಊರಿದಷ್ಟು ಒಳಗೆ ಇಳಿಯುತ್ತದೆ. ಬರಿಗಾಲಿನ ಆಟಗಾರನಿಗೆ ಇದಕ್ಕಿಂತ ಒಳ್ಳೆಯ ಅಂಗಣ ಸಿಗುವುದು ಅಪರೂಪ.

ಮಣಿಪಾಲದ ಗುಡ್ಡಕ್ಕೆ ಬನ್ನಿ. ಅಲ್ಲಿಯದು ಮುರಕಲ್ಲಿನ ನೆಲ. ಕಬ್ಬಿಣದ ತುಕ್ಕಿನಿಂದ ಗಟ್ಟಿಗೊಂಡ ಗಂಟುಗಂಟಾದ ಮೈ. ಬೇಸಗೆಯಲ್ಲಿ ಅದರ ಮೇಲೆ ಜಾರುವುದು ಕಷ್ಟ, ಬಿದ್ದರೆ ಮೊಣಕಾಲಿನ ಚರ್ಮ ಉಳಿಯುವುದೂ ಕಷ್ಟ. ಅದೇ ಮುರಕಲ್ಲು ಆಟಿ ತಿಂಗಳಲ್ಲಿ ಹೇಗಿರುತ್ತದೆ? ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಸೀಮೆಯಲ್ಲಿ ಕಲ್ಲಿನ ಮೇಲೆ ಪಾಚಿ ಬೆಳೆಯದೆ ಬಿಡದು. ಉಡುಪಿಯ ಯಾವ ಅಜ್ಜಿಯನ್ನು ಕೇಳಿದರೂ ಅಂಗಳದಲ್ಲಿ ಜಾರಿಬಿದ್ದವರ ಪಟ್ಟಿಯನ್ನೇ ಒಪ್ಪಿಸಿಯಾರು. ಕಾರ್ಕಳದ ಮಿಯಾರಿನಲ್ಲಿ ಕಂಬಳದ ಕರೆಯನ್ನು ನೋಡಿದವರು, ಕೆಸರಿನಲ್ಲಿ ಬರಿಗಾಲಿನಲ್ಲಿಯೇ ಓಡುವವರಿದ್ದಾರಲ್ಲ ಎಂದಾರು. ನಿಜ, ಆದರೆ ಅವರ ಓಟ ನೇರವಾದುದು, ಕೈಯಲ್ಲಿ ಕೋಣಗಳ ಆಧಾರವಿದೆ. ಚೆಂಡಾಟಗಾರ ಓಡುವುದಷ್ಟೇ ಅಲ್ಲ, ಗಕ್ಕನೆ ನಿಲ್ಲಬೇಕು, ಹೊರಳಬೇಕು. ಹಿಡಿದುಕೊಳ್ಳಲು ಅವನಿಗೆ ಏನೂ ಇಲ್ಲ.

ನಿಲ್ಲುವುದನ್ನೂ ಹೊರಳುವುದನ್ನೂ ಆಗಗೊಳಿಸುವುದು ಘರ್ಷಣೆ. ನೆಲ ಪಾದವನ್ನು ಎಷ್ಟು ಬಲದಿಂದ ಹಿಡಿಯಬಲ್ಲುದೋ ಅದನ್ನು ಮೈಭಾರದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ಘರ್ಷಣಾಂಕವೆಂದು ಹೆಸರು. ಒಬ್ಬ ಆಟಗಾರ ಸೆಕೆಂಡಿಗೆ 6 ಮೀಟರು ವೇಗದಿಂದ ಓಡುತ್ತಿದ್ದಾನೆಂದು ಇಟ್ಟುಕೊಳ್ಳೋಣ. ಒಣನೆಲದಲ್ಲಿ ಘರ್ಷಣಾಂಕ 0.6 ಎಂದಾದರೆ ಅವನು ಸುಮಾರು 3 ಮೀಟರಿನಲ್ಲಿ ನಿಲ್ಲಬಲ್ಲ. ಒದ್ದೆ ನೆಲದಲ್ಲಿ ಅದು 0.2ಕ್ಕೆ ಇಳಿಯಿತೆನ್ನಿ, ನಿಲ್ಲಲು 9 ಮೀಟರು ಬೇಕು. ವೇಗ ತಗ್ಗಿಸದೆ ತಿರುಗುವುದಾದರೆ, ಒಣನೆಲದಲ್ಲಿ 6 ಮೀಟರು ತ್ರಿಜ್ಯದ ಬಳಸಿನಲ್ಲಿ ತಿರುಗಬಲ್ಲವನಿಗೆ ಒದ್ದೆಯಲ್ಲಿ 18 ಮೀಟರು ಬೇಕು. ಗೋಲಿನ ಮುಂದಿನ ಪೆನಾಲ್ಟಿ ಅಂಗಳದ ಆಳವೇ 16.5 ಮೀಟರು! ಹಾವಿನಂತೆ ನುಸುಳುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ?

ಬೂಟಿನಡಿಯ ಗುಬ್ಬಿಗಳು ಮಾಡುವ ಕೆಲಸ ಇಲ್ಲಿ. ಅವು ಘರ್ಷಣೆಯನ್ನು ನೆಚ್ಚಿಕೊಂಡಿಲ್ಲ. ಹುಲ್ಲನ್ನು ತೂರಿ ಮಣ್ಣಿಗೆ ಇಳಿದು, ನೇಗಿಲ ಗುಳದಂತೆ ನೆಲವನ್ನು ಕಚ್ಚುತ್ತವೆ. ಮಣ್ಣು ಹರಿಯುವ ತನಕ ಕಾಲು ಜಾರದು. ಬರಿಗಾಲಿನ ಆಟಗಾರನಿಗೆ ಗುಬ್ಬಿಗಳೆಂದರೆ ಅವನ ಹತ್ತು ಬೆರಳುಗಳು. ಕಾಪುವಿನ ಮರಳಿನಲ್ಲಿ ಅವು ಊರಿಕೊಳ್ಳುತ್ತವೆ. ದಟ್ಟವಾದ ಒದ್ದೆ ಹುಲ್ಲಿನ ಮೇಲೆ ಜಾರಿಹೋಗುತ್ತವೆ. ವಿದ್ಯಾರ್ಥಿಗಳು ಇದನ್ನು ತಾವೇ ಅಳೆಯಬಹುದು. ಹಳೆಯ ಚೆಂಡಾಟದ ಬೂಟೊಂದರಲ್ಲಿ ಮರಳು ತುಂಬಿ, ಶಾಲೆಯ ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿಯನ್ನು ಅದಕ್ಕೆ ಸಿಕ್ಕಿಸಿ, ಒಣನೆಲ, ಒದ್ದೆ ಹುಲ್ಲು, ಕಡಲ ಮರಳುಗಳ ಮೇಲೆ ಎಳೆದು ನೋಡಿ. ಬಳಿಕ ಅಷ್ಟೇ ತೂಕದ ತೊಗಲಿನ ಚೀಲವೊಂದನ್ನು ಎಳೆಯಿರಿ. ಉಡುಪಿಯ ಅಜ್ಜರಕಾಡಿನ ಮೈದಾನದಲ್ಲಿ ಜೂನ್ ತಿಂಗಳಿಗೆ ಮೊದಲೊಮ್ಮೆ, ಆಮೇಲೊಮ್ಮೆ ಇದನ್ನು ಮಾಡಿದರೆ ದೊರೆಯುವ ಅಂಕಿಗಳು ನಮ್ಮ ಮಾತಿಗಿಂತ ಹೆಚ್ಚು ಮನವರಿಕೆ ಮಾಡಿಕೊಟ್ಟಾವು.

ಹೆಲ್ಸಿಂಕಿಯಲ್ಲಿ ಒದ್ದೆಗೆ ಚಳಿಯೂ ಕೂಡಿಕೊಂಡಿತು. ನರದ ಉಷ್ಣತೆ ಒಂದು ಡಿಗ್ರಿ ಇಳಿದರೆ ಅದರಲ್ಲಿ ಓಡುವ ಸಂದೇಶದ ವೇಗ ಸೆಕೆಂಡಿಗೆ ಒಂದೂವರೆ, ಎರಡು ಮೀಟರಿನಷ್ಟು ತಗ್ಗುತ್ತದೆ. ಚಳಿಗೆ ಮರಗಟ್ಟಿದ ಅಂಗಾಲು ಚೆಂಡನ್ನೂ ಅರಿಯದು, ನೆಲವನ್ನೂ ಅರಿಯದು. ಬರಿಗಾಲಿನ ಸಂಪತ್ತೆಲ್ಲ ಹೀಗೆ ಕೈಬಿಟ್ಟಿತು. ಉಳಿದದ್ದು ಜಾರಿಕೆ ಮಾತ್ರ. ತೊಗಲಿನ ಚೆಂಡು ನೀರು ಕುಡಿದು ಭಾರವಾದರೆ ಬರಿಯ ಎಲುಬಿಗೆ ಬೀಳುವ ಪೆಟ್ಟೂ ಹೆಚ್ಚು.

ಆದರೂ ಹತ್ತು ಗೋಲುಗಳ ಲೆಕ್ಕವನ್ನೆಲ್ಲ ಬೂಟಿನ ಖಾತೆಗೆ ಬರೆಯುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ನಮ್ಮಲ್ಲಿ ಆಗ ಪಂದ್ಯಗಳು ಬಹುಮಟ್ಟಿಗೆ 70 ನಿಮಿಷಗಳಲ್ಲಿ ಮುಗಿಯುತ್ತಿದ್ದವು. ಅಲ್ಲಿ 90 ನಿಮಿಷ ಓಡಬೇಕಾಗಿತ್ತು. ಎದುರಾಳಿಗಳೂ ಸಾಮಾನ್ಯರಲ್ಲ. ಬ್ರಾಂಕೊ ಜೆಬೆಕ್ ಒಬ್ಬನೇ ನಾಲ್ಕು ಗೋಲು ಹೊಡೆದ ಆ ತಂಡ ಮುಂದಿನ ಸುತ್ತಿನಲ್ಲಿ ಸೋವಿಯತ್ ರಷ್ಯದೊಡನೆ 5–5ರಲ್ಲಿ ಸಮ ಮಾಡಿಕೊಂಡು, ಮರುಪಂದ್ಯದಲ್ಲಿ ಗೆದ್ದು, ಕೊನೆಗೆ ಹಂಗೆರಿಯ ಮುಂದೆ ಮಾತ್ರ ಸೋತು ಬೆಳ್ಳಿ ಪದಕವನ್ನು ಪಡೆಯಿತು. ಇನ್ನು, ಬೂಟು ತೊಡಲೊಪ್ಪದೆ 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಭಾರತ ಹೋಗಲಿಲ್ಲವೆಂಬ ಕಥೆ ಇಂದಿಗೂ ಓಡಾಡುತ್ತಿದೆ. ಅದು ಬರಿಯ ನೆವವೆಂದು ಅಂದಿನ ತಂಡದ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದ್ದಾರೆ. ಒಲಿಂಪಿಕ್ ಕೂಟದ ಮುಂದೆ ವಿಶ್ವಕಪ್ಪು ನಮ್ಮ ಅಧಿಕಾರಿಗಳಿಗೆ ದೊಡ್ಡದಾಗಿ ಕಾಣಲಿಲ್ಲ. ಪಾಪ, ಬರಿಗಾಲಿನ ಮೇಲೆ ಎಲ್ಲರೂ ತಮ್ಮ ತಮ್ಮ ಹೊರೆಯನ್ನು ಇಳಿಸಿದ್ದಾರೆ!

ಬಿಸಿಲಿನ ಒಣನೆಲದಲ್ಲಿ ಅದೇ ಪಾದಗಳು ಏನು ಮಾಡಿದವೆಂಬುದನ್ನೂ ಹೇಳಬೇಕು. 1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ನಡೆಯಿತು. ಭಾರತ ಇಂಡೊನೇಷ್ಯವನ್ನೂ ಅಫ್ಘಾನಿಸ್ಥಾನವನ್ನೂ 3–0ರಿಂದ ಸೋಲಿಸಿ, ಅಂತಿಮ ಪಂದ್ಯದಲ್ಲಿ ಇರಾನನ್ನು ಮೇವಾಲಾಲರ ಗೋಲಿನಿಂದ 1–0ರಲ್ಲಿ ಗೆದ್ದು ಚಿನ್ನವನ್ನು ಪಡೆಯಿತು. ಅಹಮದ್ ಖಾನರು ಆ ತಂಡದಲ್ಲಿದ್ದರು.

ಅವರು 1949ರಲ್ಲಿಯೇ ಕಲ್ಕತ್ತದ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದ್ದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಇವರೊಡನೆ ಕೂಡಿ ಮುಂದಾಳುಗಳ ಸಾಲನ್ನು ಕಟ್ಟಿದರು. ಕಲ್ಕತ್ತದ ಜನ ಈ ಐವರನ್ನು ಪಂಚಪಾಂಡವರೆಂದು ಕರೆದರು. 1949, 1950, 1951 — ಮೂರು ವರ್ಷವೂ ಐ. ಎಫ್. ಎ. ಶೀಲ್ಡು ಆ ಸಂಘದ ಮನೆಯಲ್ಲಿತ್ತು. ಐವರಲ್ಲಿ ಒಬ್ಬರೂ ಬಂಗಾಳಿಗಳಲ್ಲ. ದಕ್ಷಿಣದವರ ಪಾದಗಳನ್ನು ಬಂಗಾಳ ಮೆಚ್ಚಿ ತನ್ನದಾಗಿಸಿಕೊಂಡಿತು.

ಹೆಲ್ಸಿಂಕಿಯ ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟನ್ನು ಕಡ್ಡಾಯ ಮಾಡಿತು. ಇಪ್ಪತ್ತೈದು ವರ್ಷಗಳ ಕಾಲ ನೆಲವನ್ನೂ ಚೆಂಡನ್ನೂ ನೇರವಾಗಿ ಮುಟ್ಟಿ ಕಲಿತವನು ನಡುವೆ ಒಂದು ತೊಗಲಿನ ಗೋಡೆಯನ್ನು ಇಟ್ಟುಕೊಂಡು ಮತ್ತೆ ಕಲಿಯುವುದೆಂದರೇನೆಂದು ವೀಣೆಯನ್ನು ನುಡಿಸುವವರು ಊಹಿಸಿಯಾರು. ಕೈಗೆ ದಪ್ಪನೆಯ ಚೀಲವನ್ನು ತೊಟ್ಟು ತಂತಿ ಮೀಟಿದಂತೆ. ಅಹಮದ್ ಖಾನರು ಆಟವನ್ನು ಬಿಡಲಿಲ್ಲ. 1959ರ ತನಕ ಅದೇ ಸಂಘಕ್ಕೆ ಆಡಿದರು.

1956ರಲ್ಲಿ ಮೆಲ್ಬರ್ನಿಗೆ ಹೋದ ಭಾರತ ತಂಡ ಬೂಟು ತೊಟ್ಟ ತಂಡ. ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮರು ಅದನ್ನು ತರಬೇತುಗೊಳಿಸಿದ್ದರು. ಬೆಂಗಳೂರಿನ ಕೆಂಪಯ್ಯನವರು ಅದರಲ್ಲಿದ್ದರು. ನೆವಿಲ್ ಡಿಸೋಜರ ಮೂರು ಗೋಲುಗಳೊಡನೆ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ, ಸೆಮಿಫೈನಲಿನಲ್ಲಿ ಅದೇ ಯುಗೊಸ್ಲಾವಿಯವನ್ನು ಮತ್ತೆ ಎದುರಿಸಿದರು. ಮೊದಲ ಗೋಲು ಹೊಡೆದದ್ದು ಭಾರತ. ಕೊನೆಗೆ 4–1ರಿಂದ ಸೋತರೂ, ಕೂಟದಲ್ಲಿ ನಾಲ್ಕನೆಯ ಸ್ಥಾನ ದೊರೆಯಿತು.

ಈಗಿನ ಬೂಟು ಸುಮಾರು 200 ಗ್ರಾಂ ತೂಗುತ್ತದೆ. ಅದರ ಮೇಲ್ಮೈಯನ್ನು ಆದಷ್ಟು ತೆಳುವಾಗಿ ನೇಯ್ದು, ಚೆಂಡು ತಾಗಿದ್ದು ಪಾದಕ್ಕೆ ತಿಳಿಯುವಂತೆ ಮಾಡಲು ತಯಾರಕರು ಹೆಣಗುತ್ತಾರೆ. ಅಡಿಯ ಗುಬ್ಬಿಗಳನ್ನು ಮಾತ್ರ ನೆಲಕ್ಕೆ ತಕ್ಕಂತೆ ಬದಲಿಸುತ್ತಾರೆ. ಅಹಮದ್ ಖಾನರು 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷ ತುಂಬಿದ ಬಳಿಕ, ಬೆಂಗಳೂರಿನಲ್ಲಿ ತೀರಿಕೊಂಡರು.